ಚೋಮನಿಗೆ ಸಿಗದ ಗದ್ದೆ, ಶಿವನಿಗೆ ಸಿಕ್ಕ ಕಾಡು

‘ಕಾಂತಾರ’ ನೋಡಿದ್ದೀರಾ ಅಂತ ಕೇಳಿದರೆ ನೀವು ನನ್ನನ್ನೇ ಮೇಲಿಂದ ಕೆಳಗೆ ನೋಡ್ತೀರಿ. ನೋಡದವರು ಯಾರಿದ್ದಾರೆ ಹೇಳಿ? ಸರಿ, ‘ಚೋಮನ ದುಡಿ’ ನೋಡಿದ್ದೀರಾ? ಈಗ ಎತ್ತಿದ ಕೈಗಳಲ್ಲಿ ಮುಕ್ಕಾಲು ಪಾಲು ಕೆಳಗಿಳಿಯುತ್ತವೆ. ಕಾದಂಬರಿ ಓದಿದ್ದೇವೆ ಅನ್ನೋರು ಸಿಗ್ತಾರೆ, ಕಾಲೇಜಲ್ಲಿ ಗೈಡ್ ಓದಿ ಪಾಸಾದೆವು ಅನ್ನೋರು ಇನ್ನೂ ಜಾಸ್ತಿ ಸಿಗ್ತಾರೆ. ಸಿನಿಮಾ ಮಾತ್ರ ಕ್ಲಾಸಿಕ್ ಅನ್ನೋ ಹಣೆಪಟ್ಟಿ ಹಚ್ಚಿಸಿಕೊಂಡು ಕಪಾಟು ಸೇರಿಬಿಟ್ಟಿದೆ. ಕ್ಲಾಸಿಕ್ ಅಂದರೆ ಎಲ್ಲರೂ ಹೊಗಳೋದು, ಯಾರೂ ನೋಡದೇ ಇರೋದು!

ಈ ಎರಡೂ ಸಿನಿಮಾಗಳನ್ನು ಒಂದೇ ವಾರದಲ್ಲಿ ನೋಡಿ ಅಂತ ನಾನು ಹೇಳ್ತೀನಿ. ಎಂಜಿನಿಯರಿಂಗ್ ಓದಿದವನಿಗೆ ಒಂದು ಚಟ ಇರುತ್ತೆ. ಎರಡು ಬೇರೆ ಬೇರೆ ಸರ್ಕ್ಯೂಟ್‌ನಲ್ಲಿ ಒಂದೇ ಬಿಡಿಭಾಗ ಕಂಡರೆ, ಇಲ್ಲಿ ಏನು ಕೆಲಸ ಮಾಡ್ತಿದೆ, ಅಲ್ಲಿ ಏನು ಮಾಡ್ತಿದೆ ಅಂತ ನೋಡದೇ ಬಿಡೋಕಾಗಲ್ಲ. ಇಲ್ಲಿ ಆ ಬಿಡಿಭಾಗ ಪಂಜುರ್ಲಿ. ತುಳುವಿನಲ್ಲಿ ಪಂಜಿ ಅಂದರೆ ಹಂದಿ. ಕರಾವಳಿಯ ಪ್ರಮುಖ ದೈವಗಳಲ್ಲಿ ಒಂದು. ಎರಡೂ ಕಥೆಗಳಲ್ಲಿ ಆ ದೈವ ಇದೆ, ಎರಡೂ ಕಥೆಗಳು ಕರಾವಳಿಯವು, ಎರಡರಲ್ಲೂ ಜಗಳ ಇರೋದು ಭೂಮಿಗಾಗಿ. ಆದರೆ ಫಲಿತಾಂಶ ಪೂರ್ತಿ ಉಲ್ಟಾ.

ಮೊದಲು ಚೋಮನ ಕಡೆ ಹೋಗೋಣ. ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ, ಕಪ್ಪು ಬಿಳುಪಿನಲ್ಲಿ. ಆ ವರ್ಷದ ಸ್ವರ್ಣ ಕಮಲ ಅದಕ್ಕೇ ಬಂತು. ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವ ರಾವ್ ರಾಷ್ಟ್ರೀಯ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಕನ್ನಡ ಸಿನಿಮಾಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಅದೇ ಪ್ರಶಸ್ತಿ 2022ರ ಸಾಲಿಗೆ ‘ಕಾಂತಾರ’ದ ರಿಷಬ್ ಶೆಟ್ಟಿ ಅವರಿಗೆ ಬಂತು. ಅದೂ ಕರಾವಳಿಯ ಪಾತ್ರವೇ, ಇದೂ ಕರಾವಳಿಯ ಪಾತ್ರವೇ.

ಚೋಮ ಯಾರು? ಅಸ್ಪೃಶ್ಯ ಜಾತಿಯ ಮೂಲದಾಳು. ಧಣಿ ಸಂಕಪ್ಪಯ್ಯನ ಮನೆಯ ಜೀತ. ಆಸೆ ಒಂದೇ, ಒಂದು ತುಂಡು ಗದ್ದೆ ಗೇಣಿಗೆ ಸಿಗಬೇಕು, ತಾನು ಬೇಸಾಯ ಮಾಡಬೇಕು. ಗಮನಿಸಿ, ಅವನು ಭೂಮಿಯ ಒಡೆತನ ಕೇಳ್ತಿಲ್ಲ. ಉಳೋದಕ್ಕೆ ಅನುಮತಿ ಕೇಳ್ತಿದ್ದಾನೆ, ಅಷ್ಟೇ. ಎತ್ತುಗಳ ಜೋಡಿ ಸಾಕಿಟ್ಟುಕೊಂಡು ವರ್ಷಗಟ್ಟಲೆ ಕಾದಿದ್ದಾನೆ. ಧಣಿಗೆ ಸ್ವಲ್ಪ ಮನಸ್ಸು ಕರಗುತ್ತೆ, ಆದರೆ ಧಣಿಯ ತಾಯಿ ಒಪ್ಪಲ್ಲ. ಹೊಲೆಯ ಬೇಸಾಯಗಾರ ಆಗೋದುಂಟೇ? ಮುಗೀತು. ಆಮೇಲೆ ಕಾಫಿ ತೋಟದ ಸಾಲ ತೀರಿಸೋಕೆ ಮಕ್ಕಳನ್ನು ಘಟ್ಟದ ಮೇಲೆ ಕಳಿಸ್ತಾನೆ. ಒಬ್ಬ ಜ್ವರದಲ್ಲಿ ಸಾಯ್ತಾನೆ. ಗುರುವ ಕ್ರೈಸ್ತನಾಗಿ ಅಲ್ಲೇ ಉಳೀತಾನೆ. ಮಗಳು ಬೆಳ್ಳಿ ತೋಟಕ್ಕೆ ದುಡಿಯೋಕೆ ಹೋಗ್ತಾಳೆ, ಸಾಲ ಮನ್ನಾ ಆಗುತ್ತೆ. ಯಾವ ಬೆಲೆಗೆ ಅನ್ನೋದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಕಿರಿಯ ಮಗ ನೀರಿನಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆ ಅಂತ ದಡದಲ್ಲಿದ್ದವರು ನೋಡುತ್ತಾ ನಿಲ್ಲುತ್ತಾರೆ.

ಚೋಮನ ಮುಂದೆ ಒಂದು ದಾರಿ ತೆರೆದಿರುತ್ತೆ. ಕ್ರೈಸ್ತನಾದರೆ ಮಿಷನ್‌ನವರು ಭೂಮಿ ಕೊಡ್ತಾರೆ. ಅಲ್ಲಿ ಅವನನ್ನು ತಡೆಯೋದು ಯಾರು? ಧಣಿ ತಡೆಯಲ್ಲ, ಊರಿನವರೂ ಬಂದು ಅಡ್ಡ ನಿಲ್ಲಲ್ಲ. ಅವನನ್ನು ತಡೆಯೋದು ಅವನೊಳಗೇ ಕೂತಿರೋ ಪಂಜುರ್ಲಿಯ ಭಯ ಭಕ್ತಿ. ನಂಬಿದ ದೈವವನ್ನು ಬಿಟ್ಟು ಹೋಗೋಕೆ ಅವನಿಗೆ ಆಗಲ್ಲ. ಬಿಟ್ಟು ಹೋಗದ ಅವನಿಗೆ ದೈವ ಏನು ಕೊಡುತ್ತೆ? ಏನೂ ಇಲ್ಲ. ಕೊನೆಗೆ ನೇಗಿಲು ಮುರಿದು, ಎತ್ತುಗಳನ್ನು ಕಾಡಿಗಟ್ಟಿ, ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯ್ತಾನೆ.

ಈಗ ‘ಕಾಂತಾರ’. 1847ರಲ್ಲಿ ಒಬ್ಬ ಅರಸ ನೆಮ್ಮದಿ ಹುಡುಕಿಕೊಂಡು ಬಂದು, ದೈವವನ್ನು ಪಡೆದುಕೊಂಡು, ಬದಲಿಗೆ ಕಾಡಿನ ಜನಕ್ಕೆ ಭೂಮಿ ಬಿಟ್ಟುಕೊಡ್ತಾನೆ. ವಂಶದವನು ಯಾವನೋ ಅದನ್ನು ವಾಪಸ್ ಕೇಳಿದರೆ ಕೋರ್ಟಿನ ಮೆಟ್ಟಿಲ ಮೇಲೇ ರಕ್ತ ಕಾರಿ ಸಾಯ್ತಾನೆ. ಮುಂದಿನ ತಲೆಮಾರಿನ ಧಣಿ ನಯವಾಗಿ ಮಾತಾಡುತ್ತಲೇ ಹೊಂಚು ಹಾಕ್ತಾನೆ. ಅವನ ಗತಿ ಏನಾಯ್ತು ಅಂತ ನಿಮಗೆ ಗೊತ್ತು. ಗುಳಿಗ ಮೈಮೇಲೆ ಬಂದ ಆ ಕೊನೆಯ ಇಪ್ಪತ್ತು ನಿಮಿಷಕ್ಕೆ ಥಿಯೇಟರಿನಲ್ಲಿ ಪಾಪ್‌ಕಾರ್ನ್ ತಿನ್ನೋ ಸದ್ದೂ ನಿಂತುಹೋಗಿತ್ತು. ಚೋಮನಿಗೆ ಗದ್ದೆಯ ಬಾಗಿಲು ಮುಚ್ಚಿದ ಪಂಜುರ್ಲಿ, ಶಿವನ ಊರಿಗೆ ಕಾಡಿನ ಬಾಗಿಲು ತೆರೆದು ಕೊಡ್ತು.

ಹಾಗಾದರೆ ನಲವತ್ತೇಳು ವರ್ಷದಲ್ಲಿ ದೈವ ಬದಲಾಯ್ತಾ? ಇಲ್ಲ. ಬದಲಾದದ್ದು ಭೂಮಿಯ ಕಾಗದಪತ್ರ. ಇಲ್ಲಿ ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ, ಯಾಕಂದ್ರೆ ಸಿನಿಮಾ ವಿಮರ್ಶೆ ಬರೆಯೋರು ಸಾಮಾನ್ಯವಾಗಿ ಈ ಕಡೆ ತಲೆ ಹಾಕಲ್ಲ.

ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿ ಪದ್ಧತಿ ಬೇರುಬಿಟ್ಟಿದ್ದ ಜಿಲ್ಲೆ ದಕ್ಷಿಣ ಕನ್ನಡ. ಮೂಲಗೇಣಿ, ಚಾಲಗೇಣಿ ಅಂತ ಅದರಲ್ಲೇ ಬಗೆಗಳು. ಫಾರಂ ನಂಬರ್ 7 ತುಂಬಿ ಟ್ರಿಬ್ಯೂನಲ್ ಮುಂದೆ ನಿಂತವರು ಸಾವಿರ ಸಾವಿರ. ‘ಡಿಕ್ಲರೇಷನ್ ಹಾಕಿದ್ದು’ ಅನ್ನೋ ಮಾತನ್ನು ಕರಾವಳಿಯ ಹಿರಿಯರು ಇವತ್ತಿಗೂ ಆಡ್ತಾರೆ. ಒಂದು ಮನೆಗೆ ಅದು ಹಬ್ಬದ ನೆನಪು, ಇನ್ನೊಂದು ಮನೆಗೆ ಸೂತಕದ ನೆನಪು. ಘೋಷಣೆ ಏನು? ಉಳುವವನೇ ಹೊಲದೊಡೆಯ.

ಅದೇ ಕಾಯ್ದೆಯ ಅರ್ಜಿಗಳ ಗಲಾಟೆ ನಡೀತಿರುವಾಗಲೇ ಬಿ.ವಿ. ಕಾರಂತರ ಸಿನಿಮಾ ಬಂತು. ಈಗ ಆ ಘೋಷಣೆಯನ್ನು ಚೋಮನ ಪಕ್ಕದಲ್ಲಿ ಇಟ್ಟು ನೋಡಿ. ಉಳುವವನೇ ಹೊಲದೊಡೆಯ ಸರಿ, ಆದರೆ ಚೋಮನಿಗೆ ಉಳೋದಕ್ಕೇ ಬಿಟ್ಟಿರಲಿಲ್ಲವಲ್ಲ! ಅವನ ಹೆಸರು ಗೇಣಿಚೀಟಿಯಲ್ಲಿ ಬರೋದೇ ಇಲ್ಲ. ಅವನು ಗೇಣಿದಾರನಲ್ಲ, ಗೇಣಿದಾರನ ಗದ್ದೆಯಲ್ಲೂ ಆಳೇ. ಅವನಂಥವರಿಗೆ ಆ ಕಾನೂನಿನಲ್ಲಿ ಹೆಚ್ಚೆಂದರೆ ಗುಡಿಸಲು ನಿಂತ ಅಡಿಸ್ಥಳ. ಅದೇ 1975ರ ಅಕ್ಟೋಬರಿನಲ್ಲಿ ಜೀತ ರದ್ದು ಮಾಡೋ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯ್ದೆಯಾಯ್ತು. ಜೀತದಿಂದ ಬಿಡುಗಡೆ ಸಿಕ್ಕಿತು, ಗದ್ದೆ ಸಿಗಲಿಲ್ಲ. 1933ರ ಕಥೆಯನ್ನು 1975ರಲ್ಲಿ ಮಾಡಿದ್ದಕ್ಕೆ, ಹಳೇ ಕಾಲದ ಕಥೆ ಈಗ ಯಾಕೆ ಅಂತ ಕೇಳೋರಿಗೆ ಇದೇ ಉತ್ತರ. ಭೂಸುಧಾರಣೆಯ ದೊಡ್ಡ ಗೆಲುವಿನ ಗದ್ದಲದಲ್ಲಿ, ಆ ಗೆಲುವಿನ ಲೆಕ್ಕಕ್ಕೇ ಬರದವನೊಬ್ಬನನ್ನು ಆ ಸಿನಿಮಾ ತೆರೆ ಮೇಲೆ ತಂದು ನಿಲ್ಲಿಸಿತು.

ಹಾಗಂತ ನಾನು ‘ಚೋಮನ ದುಡಿ’ಗೆ ಕಣ್ಣುಮುಚ್ಚಿ ಕೈ ಮುಗಿಯೋನಲ್ಲ. ಇವತ್ತು ಕೂತು ನೋಡಿದರೆ ಕೆಲವು ಕಡೆ ನಾಟಕದ ಮಾತುಗಾರಿಕೆ ಎದ್ದು ಕಾಣುತ್ತೆ. ತುಳು ಆಡಬೇಕಾದವರು ಪುಸ್ತಕದ ಹತ್ತಿರದ ಕನ್ನಡ ಆಡ್ತಾರೆ. ಬಹಳ ಮುಖ್ಯವಾಗಿ, ಚೋಮನ ಬಗ್ಗೆ ಸಿನಿಮಾಕ್ಕೆ ಅಪಾರ ಕನಿಕರ ಇದೆ, ಆದರೆ ಅವನ ಸಿಟ್ಟಿಗೆ ಜಾಗ ಕಡಿಮೆ. ಅವನು ಕುಡೀತಾನೆ, ಬಾರಿಸ್ತಾನೆ, ಒಳಗೇ ಬೇಯ್ತಾನೆ. ಆ ಹೊತ್ತಿಗೆ ಕರ್ನಾಟಕದಲ್ಲಿ ದಲಿತ ಚಳವಳಿ ಕಣ್ಣು ಬಿಡ್ತಿತ್ತು, ಬೇರೆ ಥರದ ದನಿ ಕೇಳಿಬರ್ತಿತ್ತು. ಆ ದನಿ ಈ ಗುಡಿಸಲಿನೊಳಗೆ ಬಂದಿಲ್ಲ. ಆದರೂ ವಾಸುದೇವ ರಾವ್ ದುಡಿ ಎತ್ತಿಕೊಂಡಾಗ ನನ್ನ ಈ ತಕರಾರುಗಳೆಲ್ಲ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಳ್ತವೆ. ಮಾತಲ್ಲಿ ಹೇಳೋಕೆ ಬಿಡದ ಸಿಟ್ಟನ್ನು ಆ ಮನುಷ್ಯ ಬೆರಳಲ್ಲಿ ಹೇಳ್ತಾರೆ.

‘ಕಾಂತಾರ’ದಲ್ಲಿ ಸಿಟ್ಟಿಗೇನೂ ಬರ ಇಲ್ಲ. ಅದೇ ಅದರ ಶಕ್ತಿ. ಕೋಲದ ಬಗ್ಗೆ ಒಂದು ಸತ್ಯ ರಿಷಬ್ ಶೆಟ್ಟಿ ಅವರಿಗೆ ಚೆನ್ನಾಗಿ ಗೊತ್ತು. ನಲಿಕೆ, ಪಂಬದ, ಪರವ ಸಮುದಾಯದ ಕಲಾವಿದ ಗಗ್ಗರ ಕಟ್ಟಿ ನಿಂತ ರಾತ್ರಿ ಗುತ್ತಿನ ಯಜಮಾನನೂ ಕೈ ಮುಗಿದು ನಿಲ್ಲಬೇಕು, ಬೈಸಿಕೊಳ್ಳಬೇಕು. ಬೆಳಗಾದರೆ ಅದೇ ಕಲಾವಿದ ಅಂಗಳದಾಚೆ. ಆ ಒಂದು ರಾತ್ರಿಯ ಅಧಿಕಾರ ಬೆಳಗಾದ ಮೇಲೂ ಉಳಿದರೆ ಏನಾಗುತ್ತೆ ಅನ್ನೋದನ್ನೇ ಈ ಸಿನಿಮಾ ತೋರಿಸಿದ್ದು. ಅದಕ್ಕೇ ಜನ ಹುಚ್ಚೆದ್ದು ನೋಡಿದ್ದು. ಸಿನಿಮಾ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಒಂದು ಸಿನಿಮಾ ಇಷ್ಟು ಬೇಗ ವಿಧಾನಸೌಧದ ಬಾಗಿಲು ತಟ್ಟಿದ್ದು ಅಪರೂಪ.

ಆದರೆ ತಕರಾರು ಇಲ್ಲೂ ಇದೆ. ಸಣ್ಣದನ್ನು ಮೊದಲು ಹೇಳಿಬಿಡ್ತೀನಿ. ನಾಯಕ ಹುಡುಗಿಯ ಸೊಂಟ ಚಿವುಟೋದು, ಕದ್ದು ನೋಡೋದು, ಇದೆಲ್ಲ ಪ್ರೇಮ ಅಂತ ಇನ್ನೂ ಎಷ್ಟು ವರ್ಷ ತೋರಿಸ್ತೀರಿ? ಆ ಲೀಲಾ ಪಾತ್ರ ನೋಡಿ. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸ, ತನ್ನ ಊರಿಗೇ ಬೇಲಿ ಹಾಕೋಕೆ ತಾನೇ ಹೋಗಬೇಕು. ಇಡೀ ಸಿನಿಮಾದ ಇಕ್ಕಟ್ಟು ಆ ಒಬ್ಬ ಹುಡುಗಿಯ ಯೂನಿಫಾರಂ ಒಳಗಿದೆ. ಅದನ್ನು ಅರ್ಧ ದಾರಿಯಲ್ಲಿ ಕೈಬಿಟ್ಟದ್ದು ನನಗೆ ಇವತ್ತಿಗೂ ಹೊಟ್ಟೆ ಉರಿಸೋ ವಿಷಯ.

ದೊಡ್ಡ ತಕರಾರು ಬೇರೆ. ಕಥೆ ನಡೆಯೋದು 1990ರಲ್ಲಿ. ಅರಣ್ಯ ಸಂರಕ್ಷಣಾ ಕಾಯ್ದೆ ಬಂದು ಹತ್ತು ವರ್ಷ ಆಗಿತ್ತು, ಪಕ್ಕದ ಘಟ್ಟದಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಿದ್ದು 1987ರಲ್ಲಿ. ಅಲ್ಲಿಗೆ ಕರಾವಳಿ ಮಲೆನಾಡಿನ ಭೂಮಿ ಜಗಳದ ಎದುರಾಳಿ ಬದಲಾಗಿದ್ದ. ಧಣಿಯ ಜಾಗದಲ್ಲಿ ಸರ್ವೆ ಕಲ್ಲು ಹಿಡಿದ ಸರ್ಕಾರ ನಿಂತಿತ್ತು. ಸಿನಿಮಾ ಇದನ್ನು ಅರ್ಧದವರೆಗೆ ಪ್ರಾಮಾಣಿಕವಾಗಿ ಹೇಳುತ್ತೆ. ಕಿಶೋರ್ ಮಾಡಿದ ಮುರಳಿ ಅನ್ನೋ ಅಧಿಕಾರಿ ಕೆಟ್ಟವನಲ್ಲ, ಕಾನೂನು ಓದಿದವನು, ಅದಕ್ಕೇ ಅಪಾಯಕಾರಿ. ಆಮೇಲೆ ಏನಾಗುತ್ತೆ? ಎಲ್ಲಾ ಪಾಪ ಧಣಿಯ ತಲೆಗೆ ಕಟ್ಟಿ ಅವನನ್ನು ಮುಗಿಸ್ತಾರೆ. ಸರ್ಕಾರ ಮತ್ತು ಜನ ಕೈ ಕೈ ಹಿಡಿದು ನಿಲ್ತಾರೆ. ಆ ಹಿಡಿದ ಕೈಯಲ್ಲಿ ಹಕ್ಕುಪತ್ರ ಇತ್ತಾ ಅಂತ ನಾನು ಕೇಳ್ತಿದ್ದೀನಿ. ಇರಲಿಲ್ಲ.

ನಿಜವಾದ ಶಿವನ ಊರಿಗೆ ಏನಾಗ್ತಿತ್ತು ಗೊತ್ತಾ? 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡುವಾಸಿ ಅರ್ಜಿ ಹಾಕಬೇಕಾದರೆ 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ವಾಸ ಇದ್ದದ್ದಕ್ಕೆ ಸಾಕ್ಷ್ಯ ಕೊಡಬೇಕು. ಶಿವನ ಊರಿನವರ ಹತ್ತಿರ ಇರೋ ಸಾಕ್ಷ್ಯ ಯಾವುದು? 1847ರಲ್ಲಿ ದೈವದ ಮುಂದೆ ಅರಸ ಕೊಟ್ಟ ಮಾತು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಆ ಮಾತನ್ನು ಯಾವ ಫಾರಂಗೆ ಲಗತ್ತಿಸ್ತೀರಿ? ಸಿನಿಮಾ ಎತ್ತಿದ ಪ್ರಶ್ನೆ ಇಷ್ಟು ಚೂಪಾಗಿತ್ತು, ಉತ್ತರ ಕೊಡೋ ಹೊತ್ತಿಗೆ ಗಗ್ಗರದ ಸದ್ದಿನಲ್ಲಿ ಪ್ರಶ್ನೆಯೇ ಮುಳುಗಿಹೋಯ್ತು. 2025ರ ಅಕ್ಟೋಬರಿನಲ್ಲಿ ಬಂದ ‘ಕಾಂತಾರ ಚಾಪ್ಟರ್ 1’ ಅಂತೂ ಕದಂಬರ ಕಾಲಕ್ಕೆ ಹೋಯ್ತು. ಅಲ್ಲಿ ಸರ್ವೆ ನಂಬರಿನ ತಾಪತ್ರಯವೇ ಇಲ್ಲ.

2022ರಲ್ಲಿ ‘ಕಾಂತಾರ’ದ ಬಗ್ಗೆ ನ್ಯೂಸ್ ಚಾನೆಲ್‌ಗಳಲ್ಲಿ ವಾರಗಟ್ಟಲೆ ಚರ್ಚೆ ನಡೀತು. ಹೆಚ್ಚಿನ ಹೊತ್ತು ಹೋದದ್ದು ದೈವ ಯಾರದ್ದು, ಭೂತಾರಾಧನೆ ಯಾವ ಧರ್ಮಕ್ಕೆ ಸೇರುತ್ತೆ ಅನ್ನೋದರ ಮೇಲೆ. ಸಿನಿಮಾದ ಜಗಳ ಭೂಮಿ ಯಾರದ್ದು ಅನ್ನೋದಾಗಿತ್ತು. ಆ ಪ್ಯಾನೆಲ್‌ಗಳಲ್ಲಿ ಒಬ್ಬ ಕಂದಾಯ ಇಲಾಖೆಯ ನಿವೃತ್ತ ಶಿರಸ್ತೇದಾರರನ್ನು ಕೂರಿಸಿದ್ದರೆ ಟಿಆರ್‌ಪಿ ಬರ್ತಿತ್ತೋ ಇಲ್ಲವೋ, ಸಿನಿಮಾ ಮಾತ್ರ ಅರ್ಥ ಆಗ್ತಿತ್ತು.

ಒಂದು ವಿಷಯ ಹೇಳಿ ನಿಲ್ಲಿಸ್ತೀನಿ. ದಕ್ಷಿಣ ಕನ್ನಡ, ಉಡುಪಿ ಕಡೆ ‘ಡಿ.ಸಿ. ಮನ್ನಾ’ ಭೂಮಿ ಅಂತ ಇದೆ. ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಂದುಕೊಳ್ಳೋರೇ ಜಾಸ್ತಿ. ಅದು ಡಿಪ್ರೆಸ್ಡ್ ಕ್ಲಾಸ್. ಬ್ರಿಟಿಷರ ಕಾಲದಲ್ಲಿ ದಲಿತರಿಗೆ ಅಂತಲೇ ತೆಗೆದಿರಿಸಿದ ಜಮೀನು. ಅಂದರೆ ಚೋಮ ಗದ್ದೆಗಾಗಿ ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದ ಊರುಗಳಲ್ಲೇ, ಚೋಮನಂಥವರ ಹೆಸರಿನ ಭೂಮಿ ಕಡತದಲ್ಲಿ ಇತ್ತು. ಅದರಲ್ಲಿ ಎಷ್ಟೋ ಜಾಗ ಉಳ್ಳವರ ಒತ್ತುವರಿಯಲ್ಲಿದೆ. ಹಂಚಿ ಕೊಡಿ ಅಂತ ದಲಿತ ಸಂಘಟನೆಗಳು ಇವತ್ತಿಗೂ ತಾಲ್ಲೂಕು ಕಚೇರಿಗಳ ಮುಂದೆ ಧರಣಿ ಕೂರ್ತವೆ. ಕೆಲವು ಸಲ ಡೋಲು ಬಾರಿಸಿಕೊಂಡೇ ಬರ್ತಾರೆ.