ಬಾಂಬೆ ಬಂಗಲೆಯ ಎದುರಿನ ಹೊಳೆ

ಜೋಗಕ್ಕೆ ಹೋದವರಲ್ಲಿ ಹೆಚ್ಚಿನವರು ಒಂದೇ ದಡದಿಂದ ಜಲಪಾತ ನೋಡಿ ವಾಪಸಾಗುತ್ತಾರೆ. ಬಸ್ಸು ನಿಲ್ಲುವುದು, ಟಿಕೆಟ್ ಕೊಡುವುದು, ಮಂಡಕ್ಕಿ ಮಾರುವುದು ಎಲ್ಲ ಸಾಗರ ತಾಲ್ಲೂಕಿನ ಕಡೆ. ಎದುರಿನ ದಡ ಸಿದ್ದಾಪುರ ತಾಲ್ಲೂಕಿಗೆ, ಅಂದರೆ ಉತ್ತರ ಕನ್ನಡಕ್ಕೆ ಸೇರಿದ್ದು. ಅಲ್ಲೊಂದು ಹಳೆಯ ಪ್ರವಾಸಿ ಬಂಗಲೆ ಇದೆ. ಹಿಂದಿನವರು ಅದನ್ನು ಬಾಂಬೆ ಬಂಗಲೆ ಎಂದೂ ಈ ಕಡೆಯದನ್ನು ಮೈಸೂರು ಬಂಗಲೆ ಎಂದೂ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಬಾಂಬೆ ಎಲ್ಲಿ, ಜೋಗ ಎಲ್ಲಿ?

ಈಗ ಗಡಿಗಳ ಇತಿಹಾಸವನ್ನೇ ಪಿಎಚ್.ಡಿ.ಗೆ ಹಿಡಿದು ಕೂತಿರುವುದರಿಂದ ಆ ತಮಾಷೆಯ ಉತ್ತರ ಗೊತ್ತಿದೆ. ಉತ್ತರ ಕನ್ನಡ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆ ವರ್ಷ ಬಾಂಬೆಗೆ ಸೇರಿತು. ಕಾರವಾರದ ಬಂದರಿನ ಮೂಲಕ ಹತ್ತಿ ಸಾಗಿಸಬೇಕೆಂಬ ಬಾಂಬೆ ವರ್ತಕರ ಆಸೆಗೂ ಈ ಬದಲಾವಣೆಗೂ ನಂಟಿದೆ. ಹೀಗೆ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ದಾಟಿ, ಸಾಗರಕ್ಕೆ ಬರುವ ಶರಾವತಿ ಜೋಗದ ಆಸುಪಾಸಿನಲ್ಲಿ ಎರಡು ಸರ್ಕಾರಗಳ ನಡುವಿನ ಗಡಿಯಾಯಿತು. ಮೂಲ ಮೈಸೂರಿನದು, ಕಡಲು ಸೇರುವ ಹೊನ್ನಾವರ ಬಾಂಬೆಯದು. ನಡುವೆ ನೀರು 830 ಅಡಿ ಧುಮುಕುವ ಜಾಗ ಇಬ್ಬರಿಗೂ ಸೇರಿದ್ದು.

ನೆರೆಯ ರಾಷ್ಟ್ರಗಳ ನಡುವಿನ ಇಂಧನ ರಾಜಕಾರಣ ಎಂದಾಗ ನಮ್ಮ ತರಗತಿಗಳಲ್ಲಿ ಬರುವುದು ರಷ್ಯಾದ ಗ್ಯಾಸ್ ಪೈಪುಗಳು, ಕೊಲ್ಲಿಯ ಎಣ್ಣೆ ಹಡಗುಗಳು. ಬಾವಿ ಯಾರ ನೆಲದಲ್ಲಿದೆ, ಪೈಪು ಯಾರ ನೆಲದ ಮೇಲೆ ಹಾಯುತ್ತದೆ, ಕೊನೆಯಲ್ಲಿ ಒಲೆ ಹಚ್ಚುವವರು ಯಾರು ಎಂಬುದು ಅಲ್ಲಿನ ಲೆಕ್ಕ. ಮೈಸೂರು ಸಂಸ್ಥಾನದಲ್ಲಿ ಎಣ್ಣೆಯೂ ಇರಲಿಲ್ಲ, ಕಲ್ಲಿದ್ದಲೂ ಇರಲಿಲ್ಲ. ಇದ್ದದ್ದು ಕಾಡು ಮತ್ತು ಬೀಳುವ ನೀರು. ಕಾಡನ್ನು ಇದ್ದಿಲು ಮಾಡಿ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಹಾಕಿದರು. ಮಲೆನಾಡಿನ ಮರವೇ ನಮ್ಮ ಮೊದಲ ಕಲ್ಲಿದ್ದಲು. ನೀರು ಬೀಳುವ ಜಾಗಗಳ ಕಥೆ ಬೇರೆ. ಅವುಗಳಲ್ಲಿ ದೊಡ್ಡವೆರಡೂ ಸಂಸ್ಥಾನದ ಅಂಚಿನಲ್ಲಿದ್ದವು.

ಮೊದಲನೆಯದು ಶಿವನಸಮುದ್ರ. ಅಲ್ಲಿ ಕಾವೇರಿಯ ಆಚೆ ದಡ ಮದ್ರಾಸ್ ಪ್ರಾಂತ್ಯದ್ದು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಆಮೇಲೆ, 1905ರಲ್ಲಿ. ಮೊದಲ ಗಿರಾಕಿ ಲಂಡನ್ನಿನ ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಗಣಿ ಎನ್ನುವುದನ್ನು ಗಮನಿಸಬೇಕು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಗಣಿಗೆ ಕರೆಂಟು ಸಾಲದು. ಮೈಸೂರಿಗೆ ಕನ್ನಂಬಾಡಿಯಲ್ಲಿ ನೀರು ಕೂಡಿಡುವ ಆತುರ ಬಂದದ್ದಕ್ಕೆ ಬೆಳೆಯಷ್ಟೇ ಇದೂ ಕಾರಣ. ಮದ್ರಾಸ್ 1892ರ ಒಪ್ಪಂದವನ್ನು ಮುಂದಿಟ್ಟು ತಕರಾರು ತೆಗೆಯಿತು. 1914ರಲ್ಲಿ ಗ್ರಿಫಿನ್ ಮಧ್ಯಸ್ಥಿಕೆಯ ತೀರ್ಪು ಬಂತು, ಮದ್ರಾಸ್ ಅದನ್ನು ಒಪ್ಪಲಿಲ್ಲ, ವಿವಾದ ಲಂಡನ್ನಿನವರೆಗೆ ಹೋಯಿತು. ಎಲ್ಲ ಮುಗಿದು ಸಹಿ ಬಿದ್ದದ್ದು 1924ರಲ್ಲಿ. ಕಾವೇರಿ ಜಗಳವನ್ನು ನಾವು ಭತ್ತದ ಜಗಳವಾಗಿ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಅದರೊಳಗೆ ಒಂದು ಕರೆಂಟಿನ ಜಗಳವೂ ಇತ್ತು.

ಎರಡನೆಯದು ಜೋಗ. ಇಲ್ಲಿ ವಿದ್ಯುತ್ ತೆಗೆಯುವ ಯೋಚನೆ ಇಪ್ಪತ್ತನೇ ಶತಮಾನದ ಆರಂಭದಿಂದಲೂ ಇತ್ತು. ಕೆಲಸ ಶುರುವಾದದ್ದು 1939ರಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ. ಮಧ್ಯೆ ಮಹಾಯುದ್ಧ ಬಂತು. 1948ರ ಫೆಬ್ರವರಿಯಲ್ಲಿ ವಿದ್ಯುತ್ ಹರಿಯುವ ಹೊತ್ತಿಗೆ ಬ್ರಿಟಿಷರು ಹೋಗಿಯಾಗಿತ್ತು. ಮೊದಲು ಕೃಷ್ಣರಾಜೇಂದ್ರರ ಹೆಸರಿದ್ದ ಕೇಂದ್ರಕ್ಕೆ ಆಮೇಲೆ ಮಹಾತ್ಮ ಗಾಂಧಿಯವರ ಹೆಸರು ಬಂತು. ಹನ್ನೆರಡು ಮೆಗಾವಾಟಿನ ನಾಲ್ಕು, ಹದಿನೆಂಟರ ನಾಲ್ಕು ಯಂತ್ರಗಳು ಸೇರಿ 120 ಮೆಗಾವಾಟ್. ಐವತ್ತರ ದಶಕದಲ್ಲಿ ಭದ್ರಾವತಿಯ ಕುಲುಮೆಗೂ ಈ ಕರೆಂಟು ಹೋಯಿತು. ಇದ್ದಿಲಿಗೆ ಕಾಡು ಸಾಲದಾಗಿತ್ತು.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಯಂತ್ರಗಳಲ್ಲ, ಕಟ್ಟೆ. ವರ್ಷವಿಡೀ ವಿದ್ಯುತ್ ಬೇಕೆಂದರೆ ಮಳೆಗಾಲದ ನೀರನ್ನು ಎಲ್ಲಾದರೂ ಹಿಡಿದಿಡಬೇಕು. ಹಿಡಿದದ್ದು ಜೋಗದಿಂದ ಮೇಲೆ, ಮಡೆನೂರಿನಲ್ಲಿ. ಅದೇ ಹಿರೇಭಾಸ್ಕರ ಅಣೆಕಟ್ಟು. ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳಿಂದಾಗಿ ಎಂಜಿನಿಯರಿಂಗ್ ಓದುವವರು ಅದನ್ನು ಈಗಲೂ ನೆನೆಯುತ್ತಾರೆ. ಮಡೆನೂರು ಪೂರ್ತಿಯಾಗಿ ಮೈಸೂರಿನ ನೆಲ. ಜಲಪಾತದ ವಿಷಯದಲ್ಲಿ ಇನ್ನೊಂದು ಸರ್ಕಾರದ ಜೊತೆ ಕೂತು ಮಾತಾಡಲೇಬೇಕು. ಮುಳುಗಿಸುವ ವಿಷಯದಲ್ಲಿ ಹಾಗಿರಲಿಲ್ಲ, ಮುಳುಗುವ ಗದ್ದೆಗಳೆಲ್ಲ ಈ ಕಡೆಯವೇ. ಕಣಿವೆ ಅಲ್ಲಿ ಕಟ್ಟೆಗೆ ಒದಗಿತು ಎನ್ನುವುದು ನಿಜ, ನಾನು ಭೂಗೋಳವನ್ನು ಅಲ್ಲಗಳೆಯುತ್ತಿಲ್ಲ. ಆದರೆ ಮಾತುಕತೆ ಬೇಕಾದ ಜಾಗದಿಂದ ಸ್ವಲ್ಪ ಮೇಲೆ ಹೋದರೆ ಮಾತುಕತೆ ಬೇಡವಾದ ಜಾಗ ಸಿಗುತ್ತಿತ್ತು.

1956ರ ನವೆಂಬರ್ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಬಾಂಬೆ ಬಂಗಲೆ ಒಂದೇ ದಿನದಲ್ಲಿ ಹೆಸರಿಗೆ ಮಾತ್ರ ಬಾಂಬೆಯದಾಯಿತು. ಏಕೀಕರಣವನ್ನು ನಾನು ಅನುಮಾನಿಸುವವಳಲ್ಲ, ನಮ್ಮ ಮನೆಯಲ್ಲಿ ಅದಕ್ಕಾಗಿ ಓಡಾಡಿದವರಿದ್ದಾರೆ. ಆದರೂ ಹೊಳೆಯ ಮಟ್ಟಿಗೆ ಆ ದಿನ ಇನ್ನೊಂದು ಬದಲಾವಣೆ ಆಯಿತು. ಮೂಲದಿಂದ ಕಡಲಿನವರೆಗೆ ಶರಾವತಿ ಒಂದೇ ಸರ್ಕಾರದ ಕೈಗೆ ಬಂತು. ಕೇಳಬೇಕಾದ ನೆರೆಯವರು ಯಾರೂ ಉಳಿಯಲಿಲ್ಲ. ಮುಂದಿನ ಯೋಜನೆಯ ಗಾತ್ರ ನೋಡಿ: 1964ಕ್ಕೆ ಲಿಂಗನಮಕ್ಕಿ, 151 ಟಿಎಂಸಿ ನೀರು, ಸಮುದ್ರಮಟ್ಟದಿಂದ 1,819 ಅಡಿಯವರೆಗೆ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಿಂದ 1,035 ಮೆಗಾವಾಟ್. ಹಿರೇಭಾಸ್ಕರ ಕಟ್ಟೆಯೇ ಅದರಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷ, ಬೇಸಿಗೆಯಲ್ಲಿ, ಅದು ಈಗಲೂ ಮೇಲೆ ಕಾಣುತ್ತದೆ. ಜನ ಹೋಗಿ ಫೋಟೊ ತೆಗೆದುಕೊಳ್ಳುತ್ತಾರೆ. ಆಮೇಲೆ ಹೊಸನಗರದ ಚಕ್ರಾ, ಸಾವೆಹಕ್ಲು ಹೊಳೆಗಳನ್ನೂ ಕಟ್ಟಿ ಆ ನೀರನ್ನು ಲಿಂಗನಮಕ್ಕಿಗೆ ತಿರುಗಿಸಿದರು. ಅದೇ ತಾಲ್ಲೂಕಿನ ಮಾಣಿ ಕಟ್ಟೆಯ ನೀರು ವಾರಾಹಿ ಯೋಜನೆಗಾಗಿ ಘಟ್ಟ ಇಳಿಯಿತು.

ಇದೇ ಕಾಲದಲ್ಲಿ ಜಗತ್ತಿನ ಇನ್ನೊಂದು ತುದಿಯಲ್ಲಿ ಬ್ರೆಜಿಲ್ ಮತ್ತು ಪರಾಗ್ವೆ ಪರಾನಾ ನದಿಯ ಗ್ವೈರಾ ಜಲಪಾತಕ್ಕಾಗಿ ಜಗಳವಾಡುತ್ತಿದ್ದವು. ಅದೂ ಗಡಿಯ ಜಲಪಾತವೇ. 1973ರ ಒಪ್ಪಂದದಂತೆ ಇತೈಪು ಅಣೆಕಟ್ಟು ಕಟ್ಟಿದರು, 1982ರಲ್ಲಿ ಜಲಪಾತವೇ ಮುಳುಗಿ ಹೋಯಿತು. ವಿದ್ಯುತ್ತಿನಲ್ಲಿ ಅರ್ಧರ್ಧ ಪಾಲು. ಪರಾಗ್ವೆಗೆ ಅಷ್ಟು ಕರೆಂಟು ಬೇಡ, ಮಿಕ್ಕಿದ್ದನ್ನು ಬ್ರೆಜಿಲಿಗೇ ಕೊಡಬೇಕು. ಬೆಲೆ ಕಡಿಮೆಯಾಯಿತೆಂದು ಪರಾಗ್ವೆ ವರ್ಷಗಟ್ಟಲೆ ಪಟ್ಟು ಹಿಡಿದು, 2009ರಲ್ಲಿ ಪರಿಹಾರವನ್ನು ಮೂರು ಪಟ್ಟು ಹೆಚ್ಚಿಸಿಕೊಳ್ಳುವ ಒಪ್ಪಿಗೆ ಪಡೆಯಿತು. ಚಿಕ್ಕ ದೇಶ, ಆದರೂ ಕೇಳಿತು. ದೇಶವಾದ್ದರಿಂದ ಕೇಳಲು ಕೂರುವ ಮೇಜೊಂದಿತ್ತು. ಸಾಗರ, ಹೊಸನಗರದ ಮುಳುಗಡೆಯ ಊರುಗಳು ಯಾವ ಮೇಜಿನ ಮುಂದೆ ಕೂರಬೇಕಿತ್ತು?

ಅಲ್ಲಿನ ಬಹಳಷ್ಟು ಜನರ ಹತ್ತಿರ ಭೂಮಿಯ ಕಾಗದವೂ ಇರಲಿಲ್ಲ. ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಕೂತದ್ದು 1951ರಲ್ಲಿ. ಅವರು ಕೇಳಿದ ಹಕ್ಕು ಕಾನೂನಾಗಿ ಕೈಗೆ ಬರುವ ಮೊದಲೇ ಲಿಂಗನಮಕ್ಕಿಯ ನೀರು ಬಂತು. ನನ್ನ ಅಮ್ಮಮ್ಮನ ತವರು ಇಂಥದೇ ಗೇಣಿಯ ಮನೆ, ಹೊಸನಗರ ತಾಲ್ಲೂಕಿನದು. ಪರಿಹಾರದ ದುಡ್ಡು ಒಡೆಯರ ಹೆಸರಿಗೆ ಬಂತು. ಇವರನ್ನು ಲಾರಿಯಲ್ಲಿ ಶಿವಮೊಗ್ಗದ ಕಡೆಯ ಕಾಡಂಚಿಗೆ ತಂದು ಇಳಿಸಿದರು. ಕೊಟ್ಟ ಜಾಗ ಇವರದೋ ಅರಣ್ಯದ್ದೋ ಎಂಬ ಪ್ರಶ್ನೆ ಇನ್ನೂ ಮುಗಿದಿಲ್ಲ. ನನ್ನ ಮಾವ ಆ ಕಡತಗಳನ್ನು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಕೆಳಗೆ ಇಟ್ಟಿದ್ದಾನೆ.

“ಕರೆಂಟು ನಮ್ಮ ತಲೆ ಮೇಲಿಂದ ಹೋಗ್ತಿತ್ತು ಮಗಾ, ಮನೆಗೆ ಬರ್ತಿರ್ಲಿಲ್ಲ” ಎನ್ನುತ್ತಾಳೆ ಅಮ್ಮಮ್ಮ. ದೊಡ್ಡ ಕಂಬಗಳ ತಂತಿ ಅವರ ಹೊಸ ಗದ್ದೆಯ ಮೇಲೇ ಹಾದು ಬೆಂಗಳೂರಿನ ಕಡೆಗೆ ಹೋಗುತ್ತಿತ್ತು. ಮನೆಯೊಳಗೆ ಸೀಮೆಎಣ್ಣೆ ಬುಡ್ಡಿ. ನಮ್ಮ ಊರಿನ ಇಂಧನ ಚರಿತ್ರೆಯಲ್ಲಿ ಕೊಲ್ಲಿಯ ಎಣ್ಣೆ ಬರುವುದು ಇಲ್ಲೇ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿ, ಬೆಲೆ ನಾಲ್ಕು ಪಟ್ಟು ಏರಿದಾಗ ಸೊಸೈಟಿಯ ಮುಂದೆ ಕ್ಯಾನು ಹಿಡಿದು ನಿಂತದ್ದನ್ನು ಅವಳು ಹೇಳುತ್ತಾಳೆ. ಇಸ್ರೇಲ್, ಈಜಿಪ್ಟ್ ಎಲ್ಲ ಅವಳಿಗೆ ಗೊತ್ತಿರಲಿಲ್ಲ. ಎಣ್ಣೆ ಬರಲಿಲ್ಲ, ಅಷ್ಟೇ. ಬುಡ್ಡಿಯ ಬತ್ತಿ ತಗ್ಗಿಸಿ ಊಟ ಮುಗಿಸುತ್ತಿದ್ದರಂತೆ. ವಿದ್ಯುತ್ತಿಗಾಗಿ ಮನೆ ಬಿಟ್ಟುಕೊಟ್ಟವರು ಬೆಳಕಿಗಾಗಿ ಪಶ್ಚಿಮ ಏಷ್ಯಾದ ಯುದ್ಧವನ್ನು ನಂಬಿಕೊಂಡಿದ್ದರು. ನಾ. ಡಿಸೋಜ ಅವರ ‘ದ್ವೀಪ’ವನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಆ ತಗ್ಗಿಸಿದ ಬತ್ತಿ.

ಹಿನ್ನೀರಿನಾಚೆ ಉಳಿದ ತುಮರಿ ಕಡೆಯ ಜನರದು ಇನ್ನೊಂದು ಕಥೆ. ಅವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲಾಂಚಿಗೆ ಕಾದರು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ನೀರು ತುಂಬಿದ್ದು 1964ರಲ್ಲಿ.

ಈಗ ಮತ್ತೊಂದು ಯೋಜನೆ ಬಂದಿದೆ. ಮೇಲಿನ ತಳಕಳಲೆ ಜಲಾಶಯದಿಂದ ಕೆಳಗಿನ ಗೇರುಸೊಪ್ಪೆಗೆ ನೀರು ಬಿಟ್ಟು, ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ಅದೇ ನೀರನ್ನು ಮತ್ತೆ ಮೇಲಕ್ಕೆ ಎತ್ತುವುದು, 2,000 ಮೆಗಾವಾಟ್. ಮಧ್ಯದಲ್ಲಿ ಸಿಂಗಳೀಕಗಳ ಅಭಯಾರಣ್ಯವಿದೆ. ಒಂದು ತುದಿ ಸಾಗರ, ಇನ್ನೊಂದು ಹೊನ್ನಾವರ, ಅಂದರೆ ಹಳೆಯ ಮೈಸೂರು ಮತ್ತು ಹಳೆಯ ಬಾಂಬೆ. ಈ ಸಲ ಎರಡೂ ಕಡೆಯ ಜನ ಒಟ್ಟಿಗೆ ಬೇಡ ಎನ್ನುತ್ತಿದ್ದಾರೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಗಿತ್ತು. ಆಗಿನದಕ್ಕಿಂತ ಈಗಿನದು ನನಗೆ ಹೆಚ್ಚು ಕುತೂಹಲದ್ದಾಗಿ ಕಾಣುತ್ತದೆ, ಗಡಿಯ ಎರಡೂ ದಡದವರು ಒಂದೇ ಸಭೆಯಲ್ಲಿ ಕೂರುತ್ತಿರುವುದರಿಂದ. ಅದರಿಂದ ಏನಾದರೂ ಆಗುತ್ತದೆಯೇ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅಮ್ಮಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಬಿಟ್ಟ ನೀರನ್ನೇ ಮತ್ತೆ ಎತ್ತುವುದು ಅವಳಿಗೆ ನಗು ತರಿಸಿತು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ, ಯಾವ ಯಾವ ಊರಿನವರಿಗೆ ಹೋಗುತ್ತದೆ ಎಂದು ಕೇಳಿದಳು. ಗೊತ್ತಿದ್ದ ಹೆಸರುಗಳನ್ನು ಹೇಳಿದೆ. ಅದರಲ್ಲಿ ಒಂದು ಊರಲ್ಲಿ ನಮಗೆ ನೆಂಟರಿದ್ದಾರಂತೆ.