ಲೇಖನಿ, ಕ್ಯಾಮೆರಾ ಮತ್ತು ಪಿ. ಲಂಕೇಶ್

ಫ್ರಾನ್ಸಿನಲ್ಲಿ ಕಾದಂಬರಿಕಾರರು ಚಿತ್ರನಿರ್ದೇಶಕರಾಗುವುದು ಅಪರೂಪವಲ್ಲ. ಕಾದಂಬರಿಗಾರ್ತಿ ಮಾರ್ಗರೀತ್ ದ್ಯುರಾಸ್ 1975ರಲ್ಲಿ ‘ಇಂಡಿಯಾ ಸಾಂಗ್’ ಚಿತ್ರವನ್ನು ನಿರ್ದೇಶಿಸಿದರು. ಅದರ ಮರುವರ್ಷವೇ ಕನ್ನಡದ ಕಾದಂಬರಿಕಾರರೊಬ್ಬರು ಕ್ಯಾಮೆರಾದ ಹಿಂದೆ ನಿಂತರು. ಅವರೇ ಪಿ. ಲಂಕೇಶ್.

ಲಂಕೇಶರು ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ಕೃಷಿಕ ಕುಟುಂಬದಲ್ಲಿ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ನವ್ಯ ಸಾಹಿತ್ಯದ ಪ್ರಮುಖರಲ್ಲಿ ಒಬ್ಬರಾದರು. ಫ್ರೆಂಚ್ ಕವಿ ಬೋದಿಲೇರನನ್ನು ‘ಪಾಪದ ಹೂಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದವರೂ ಅವರೇ.

ಅವರ ಚಿತ್ರರಂಗದ ನಂಟು ನಟನೆಯಿಂದ ಆರಂಭವಾಯಿತು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಚಿತ್ರದಲ್ಲಿ ಗಿರೀಶ್ ಕಾರ್ನಾಡರು ಪ್ರಾಣೇಶಾಚಾರ್ಯರಾದರೆ, ಲಂಕೇಶರು ನಾರಣಪ್ಪನಾದರು. ಕಥೆಯ ಆರಂಭದಲ್ಲಿಯೇ ಸತ್ತರೂ ಇಡೀ ಅಗ್ರಹಾರದ ನಿದ್ದೆಗೆಡಿಸುವ ಪಾತ್ರವದು.

1976ರಲ್ಲಿ ತಮ್ಮದೇ ‘ಬಿರುಕು’ ಕಾದಂಬರಿಯನ್ನು ಆಧರಿಸಿ ಅವರು ‘ಪಲ್ಲವಿ’ಯನ್ನು ನಿರ್ದೇಶಿಸಿದರು. ಇಲ್ಲಿ ಕಥೆ ತೆರೆದುಕೊಳ್ಳುವುದು ನಾಯಕಿ ಶಾಂತಾಳ ದೃಷ್ಟಿಯಿಂದ. ತಾನು ಬರೆದದ್ದನ್ನು ಹೆಣ್ಣಿನ ಕಣ್ಣಿನಿಂದ ಮತ್ತೆ ನೋಡುವ ಈ ಧೈರ್ಯವೇ ಚಿತ್ರದ ಜೀವಾಳ. ಮೊದಲ ಚಿತ್ರಕ್ಕೇ ಅವರಿಗೆ ಶ್ರೇಷ್ಠ ನಿರ್ದೇಶಕ ರಾಷ್ಟ್ರಪ್ರಶಸ್ತಿ ದೊರೆಯಿತು.

ಮುಂದೆ ‘ಅನುರೂಪ’, ‘ಖಂಡವಿದೆಕೊ ಮಾಂಸವಿದೆಕೊ’, ‘ಎಲ್ಲಿಂದಲೋ ಬಂದವರು’ ಚಿತ್ರಗಳು ಬಂದವು. ಇವುಗಳ ನಡುವೆಯೇ, 1978ರಲ್ಲಿ, ‘ಮುಸ್ಸಂಜೆಯ ಕಥಾಪ್ರಸಂಗ’ ಪ್ರಕಟವಾಯಿತು. ‘ಬಿರುಕು’ ಒಂಟಿ ಮನಸ್ಸಿನ ತಳಮಳವಾದರೆ, ಇದು ಇಡೀ ಹಳ್ಳಿಯ ಗದ್ದಲ, ಜಗಳ, ನಗು. ಹಲವು ಮುಖಗಳನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಸಿನಿಮಾದ ಅಭ್ಯಾಸ ಅವರ ಗದ್ಯವನ್ನೂ ಹಿಗ್ಗಿಸಿತೆಂದು ನನಗನ್ನಿಸುತ್ತದೆ.

1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭವಾಯಿತು. ನಿರ್ದೇಶನ ಅಲ್ಲಿಗೆ ನಿಂತಿತು. ಜಾಹೀರಾತುಗಳಿಲ್ಲದೆ, ಓದುಗರು ಕೊಟ್ಟ ಹಣದಿಂದಲೇ ನಡೆದ ವಾರಪತ್ರಿಕೆ ಅದು. ‘ಕಲ್ಲು ಕರಗುವ ಸಮಯ’ ಕಥಾಸಂಕಲನಕ್ಕೆ 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 2000ದ ಜನವರಿ 25ರಂದು ಅವರು ನಿಧನರಾದರು.

ಕೇವಲ ನಾಲ್ಕು ಚಿತ್ರಗಳ ಈ ಅಧ್ಯಾಯವನ್ನು ಪತ್ರಕರ್ತ ಲಂಕೇಶರ ಖ್ಯಾತಿ ಮರೆಮಾಡಿದೆ. ಪಾಲೋ ಆಲ್ಟೋದ ನಮ್ಮ ಮನೆಗಳಲ್ಲಿ ಕನ್ನಡವನ್ನು ಕೇಳಿ ಅರ್ಥಮಾಡಿಕೊಂಡರೂ ಓದಲು ತಡವರಿಸುವ ಮಕ್ಕಳಿದ್ದಾರೆ. ಅವರಿಗೆ ಲಂಕೇಶರ ಪರಿಚಯವಾಗಬೇಕಾದರೆ ‘ಪಲ್ಲವಿ’ಗಿಂತ ಒಳ್ಳೆಯ ಬಾಗಿಲಿಲ್ಲ. ಅದನ್ನು ದಾಟಿದವರು ಒಂದು ದಿನ ಪುಸ್ತಕದ ಪುಟವನ್ನೂ ತೆರೆದಾರು.