ಸಾಲಿನಲ್ಲಿ ನಿಂತ ಮಗ್ಗಿ, ನೆಲದ ಮೇಲಿನ ಅಳತೆ: ಆಟದ ಗಣಿತದ ಚರಿತ್ರೆಗೆ ಒಂದು ಟಿಪ್ಪಣಿ

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಕಳಿಸಿದ ವರದಿ ಶಿಕ್ಷಣ ಚರಿತ್ರಕಾರರಿಗೆ ಹೊಸದೇನಲ್ಲ. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆಜ್ಞೆ ಮಾಡಿದ ಸಮೀಕ್ಷೆಗೆ ಬಂದ ಉತ್ತರ ಅದು. ಧರ್ಮಪಾಲರು 1983ರಲ್ಲಿ ಆ ಸಮೀಕ್ಷೆಯ ಕಾಗದಪತ್ರಗಳನ್ನು ಒಟ್ಟಿಗೆ ಅಚ್ಚು ಹಾಕಿಸಿದ ಮೇಲೆ ಎಲ್ಲರ ಕೈಗೂ ಸಿಕ್ಕಿತು. ಜಿಲ್ಲೆಯಲ್ಲಿ 533 ಶಾಲೆಗಳು, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು ಎಂಬ ಅಂಕಿಗಳನ್ನೇ ಎಲ್ಲರೂ ಎತ್ತಿಕೊಳ್ಳುತ್ತಾರೆ. ಆ ಶಾಲೆಗಳಲ್ಲಿ ಮಕ್ಕಳ ಕೈಕಾಲುಗಳಿಗೆ ಏನು ಕೆಲಸವಿತ್ತು ಎಂಬ ವಿವರವೂ ವರದಿಯಲ್ಲಿದೆ. ಅದನ್ನು ಗಮನಿಸಿದವರು ಕಡಿಮೆ.

ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಐಗಳು ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹಾಗೇ ಒಂದೊಂದು ಹೆಚ್ಚುತ್ತಾ ಹೋಗುತ್ತಿತ್ತು. ಕ್ರೂರವೆನ್ನಿ, ಆದರೆ ಸೊನ್ನೆಗೆ ಇಷ್ಟು ಖಚಿತವಾದ ಜಾಗ ಕೊಟ್ಟ ಪಾಠ ಈಗಿನ ಒಂದನೇ ತರಗತಿಯಲ್ಲೂ ಅಪರೂಪ. ಅಕ್ಷರಾಭ್ಯಾಸ ಮರಳಿನ ಮೇಲೆ ಬೆರಳಿನಿಂದ. ಆಮೇಲೆ ಹಲಗೆ, ಕಡತ. ಭಿನ್ನರಾಶಿಗಳು ಹತ್ತರಿಂದಲ್ಲ, ನಾಲ್ಕರಿಂದ ಇಳಿಯುತ್ತಿದ್ದವು. ಕಾಲಿನಲ್ಲಿ ಕಾಲು ವೀಸ, ಅಂದರೆ ಹದಿನಾರರಲ್ಲೊಂದು. ಇವನ್ನೂ ಕೂಡುವ, ಗುಣಿಸುವ ಮಗ್ಗಿಗಳನ್ನೂ ಅಳತೆ ತೂಕದ ಕೋಷ್ಟಕಗಳನ್ನೂ ಗಟ್ಟಿಮಾಡಿಸಲು ಮಕ್ಕಳನ್ನು ದಿನಕ್ಕೆರಡು ಸಲ ಸಾಲಾಗಿ ನಿಲ್ಲಿಸಿ, ಹಿರಿಯ ಹುಡುಗನೊಬ್ಬ ಹೇಳಿಕೊಟ್ಟಂತೆ ಒಟ್ಟಾಗಿ ಹೇಳಿಸುತ್ತಿದ್ದರು.

ಅದೇ 1823ರಲ್ಲಿ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ವಿಲ್ಡರ್‌ಸ್ಪಿನ್ ಬಡವರ ಎಳೆಮಕ್ಕಳ ಶಿಕ್ಷಣದ ಬಗ್ಗೆ ಪುಸ್ತಕ ಪ್ರಕಟಿಸಿದ. ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಶಿಶುಶಾಲೆ ನಡೆಸುತ್ತಿದ್ದವನು ಆತ. ಮಕ್ಕಳು ಚಪ್ಪಾಳೆ ತಟ್ಟುತ್ತಾ, ಹೆಜ್ಜೆ ಹಾಕುತ್ತಾ ಮಗ್ಗಿ ಹೇಳುವ ಕ್ರಮವನ್ನು ಅವನು ಜನಪ್ರಿಯಗೊಳಿಸಿದ. ಬಳ್ಳಾರಿಯ ಸಾಲಿಗೂ ಲಂಡನ್ನಿನ ನಡಿಗೆಗೂ ನಂಟಿತ್ತೆಂದು ನಾನು ವಾದಿಸುತ್ತಿಲ್ಲ. ಎರಡರಲ್ಲೂ ಮೈ ತಾಳ ಹಾಕುತ್ತದೆ, ಲೆಕ್ಕ ಬಾಯಲ್ಲೇ ನಡೆಯುತ್ತದೆ. ಹೆಜ್ಜೆ ತಪ್ಪಿದರೂ ಮಗ್ಗಿ ತಪ್ಪುವುದಿಲ್ಲ. ಮಗ್ಗಿ ತಪ್ಪಿದರೂ ಹೆಜ್ಜೆ ನಿಲ್ಲುವುದಿಲ್ಲ. ಚಟುವಟಿಕೆಯ ಗಣಿತದ ಚರಿತ್ರೆ ಬರೆದವರು ಬಹುಮಟ್ಟಿಗೆ ಈ ಧಾರೆಯನ್ನೇ ಹಿಡಿದಿದ್ದಾರೆ. ಹೆಜ್ಜೆಯೇ ಲೆಕ್ಕವಾಗುವ ಇನ್ನೊಂದು ಧಾರೆಯನ್ನು ಇದರಿಂದ ಬೇರ್ಪಡಿಸಿ ನೋಡಬೇಕು ಎಂಬುದೇ ನನ್ನ ವಾದ.

ಆ ಧಾರೆ ಬಹುಕಾಲ ಶಾಲೆಯ ಹೊರಗಿತ್ತು. ಶಿಕ್ಷಕರ ಕೈಪಿಡಿಗಳು ಕುಂಟೆಬಿಲ್ಲೆಯನ್ನು ಬಾಯ್ತುಂಬ ಹೊಗಳುತ್ತವೆ. ನಿಜ ಹೇಳಬೇಕೆಂದರೆ ಕುಂಟೆಬಿಲ್ಲೆಯಲ್ಲಿ ಅಂಕಿ ಬರೀ ಮನೆಯ ಹೆಸರು. ಅದನ್ನು ಅಳಿಸಿ ಹೂವಿನ ಚಿತ್ರ ಬರೆದರೂ ಆಟ ಕೆಡುವುದಿಲ್ಲ. ಚಿನ್ನಿದಾಂಡು ಹಾಗಲ್ಲ. ಚಿನ್ನಿ ಬಿದ್ದ ಜಾಗಕ್ಕೂ ಕುಳಿಗೂ ನಡುವಿನ ನೆಲವನ್ನು ದಾಂಡಿನಿಂದಲೇ ಅಳೆಯಬೇಕು. ಬಗ್ಗಿ, ಕೋಲು ಮಲಗಿಸಿ, ಅದರ ತುದಿಗೆ ಬೆರಳಿಟ್ಟು, ಮತ್ತೆ ಮಲಗಿಸುತ್ತಾ ಸಾಗುವ ಹುಡುಗ ಮಾನವನ್ನು ಪುನರಾವರ್ತಿಸಿ ಉದ್ದ ಕಾಣುತ್ತಿರುತ್ತಾನೆ. ಎಡೆ ಬಿಟ್ಟರೆ ಅವನ ಲೆಕ್ಕವೇ ಕಡಿಮೆಯಾಗುತ್ತದೆ. ಒಂದರ ಮೇಲೊಂದು ಹೇರಿದರೆ ಎದುರಾಳಿ ಸುಮ್ಮನಿರುವುದಿಲ್ಲ. ಮರಾಠಿ ಸೀಮೆಯಲ್ಲಿ ಇದೇ ಆಟವನ್ನು ವಕಟ, ಲೇಂಡ, ಮೂಂಡ, ನಾಲ ಎಂದು ಎಣಿಸುತ್ತಾರೆ. ಇವು ಮರಾಠಿಯ ಎಣಿಕೆಯಲ್ಲ, ಕನ್ನಡ–ತೆಲುಗಿನ ಕಡೆಯವು ಎಂಬುದು ಕೇಳಿದೊಡನೆ ತಿಳಿಯುತ್ತದೆ. ಏಳಕ್ಕೆ ಒಂದು ಸುತ್ತು. ಅಳತೆ ಯಾವ ಹೆಸರಿಗೆ ನಿಂತಿತೋ ಆ ಹೆಸರಿಗೆ ಗೊತ್ತಾದ ಭಂಗಿಯಲ್ಲಿ ಮುಂದಿನ ಹೊಡೆತ. ಅಂದರೆ ಏಳರಿಂದ ಭಾಗಿಸಿ ಉಳಿದ ಶೇಷ ಮೈಯ ಭಂಗಿಯನ್ನೇ ನಿರ್ಧರಿಸುತ್ತದೆ. ಭಾಗಾಕಾರವನ್ನೇ ಕಲಿಯದ ಮಕ್ಕಳು ಇದನ್ನು ಆಡುತ್ತಿದ್ದರು.

ಈ ಎರಡನೆಯ ಧಾರೆಯನ್ನು ಶಾಲೆಯೊಳಗೆ ಪದ್ಧತಿಯಾಗಿ ತಂದವರಲ್ಲಿ ಮರಿಯಾ ಮಾಂಟೆಸ್ಸೊರಿ ಮುಖ್ಯರು. ಅವರ ಹತ್ತು ಸಂಖ್ಯಾದಂಡಗಳಲ್ಲಿ ಚಿಕ್ಕದು 10 ಸೆಂಟಿಮೀಟರ್, ದೊಡ್ಡದು ಒಂದು ಮೀಟರ್; ಪ್ರತಿ 10 ಸೆಂಟಿಮೀಟರಿಗೆ ಕೆಂಪು, ನೀಲಿ ಬಣ್ಣ ಬದಲಾಗುತ್ತದೆ. ಮಗು ಒಂದೊಂದನ್ನೇ ಚಾಪೆಗೆ ಹೊತ್ತು ತರಬೇಕು. ‘ಒಂದು’ ಮುಷ್ಟಿಯಲ್ಲಿ ಹಿಡಿಸುತ್ತದೆ, ‘ಹತ್ತು’ ತರಲು ಎರಡೂ ತೋಳು ಚಾಚಬೇಕು. 1939ರಲ್ಲಿ ಮದರಾಸಿನ ಅಡ್ಯಾರಿಗೆ ತರಬೇತಿ ನೀಡಲು ಬಂದ ಅವರು ಯುದ್ಧದ ಕಾರಣ 1946ರವರೆಗೆ ಇಲ್ಲೇ ಉಳಿದರು. ಆದರೆ ಆ ದಂಡಗಳು ಹೆಚ್ಚಾಗಿ ಪಟ್ಟಣದ ಖಾಸಗಿ ಶಾಲೆಗಳಿಗೆ ಸೇರಿದವು.

ನಮ್ಮ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಬೆಂಚಿನ ಸಾಲು ಬಿಟ್ಟು ಎದ್ದದ್ದು ನಲಿ-ಕಲಿಯಿಂದ. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಕ್ರಮಕ್ಕೆ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳು ಮಾದರಿ. 2009-10ರಿಂದ ಇದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಕಲಿಕಾ ಏಣಿ, ಗುಂಪಿನ ತಟ್ಟೆಗಳು, ತಲೆಯ ಮೇಲೆ ಕಲಿಕಾ ಚಪ್ಪರ, ಮಕ್ಕಳ ಎತ್ತರಕ್ಕೇ ಗೋಡೆ ಹಲಗೆ: ಕೋಣೆಯ ಸ್ವರೂಪವೇ ಬದಲಾಯಿತು. ಆದರೂ ಹಾಡು-ಕುಣಿತ ತಾಳದ ಧಾರೆಗೇ ಸೇರಿದ್ದು. ಕಡ್ಡಿ ಕಟ್ಟು, ಮಣಿ, ನೆಲದ ಮೇಲೆ ಬರೆದ ಸಂಖ್ಯಾರೇಖೆ ಇನ್ನೊಂದಕ್ಕೆ. ನಲಿ-ಕಲಿ ಇವೆರಡನ್ನೂ ‘ಚಟುವಟಿಕೆ’ ಎಂದು ಒಂದೇ ಹೆಸರಿನಿಂದ ಕರೆಯುತ್ತದೆ.

ಇತ್ತೀಚಿನ ಪ್ರಯೋಗಗಳನ್ನು ಓದುವಾಗಲೂ ಈ ಭೇದ ಉಪಯೋಗಕ್ಕೆ ಬರುತ್ತದೆ. ಜರ್ಮನಿಯ ಉರ್ಸುಲಾ ಫಿಶರ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಶಿಶುವಿಹಾರದ ಮಕ್ಕಳು ಡ್ಯಾನ್ಸ್ ಮ್ಯಾಟಿನ ಮೇಲೆ ನಿಂತು, ಸಂಖ್ಯೆ ಚಿಕ್ಕದಾದರೆ ಎಡಕ್ಕೆ, ದೊಡ್ಡದಾದರೆ ಬಲಕ್ಕೆ ಹೆಜ್ಜೆಯಿಟ್ಟರು. ಹೆಜ್ಜೆಯೇ ಉತ್ತರ. ಇಂಥ ಹೆಜ್ಜೆಯಿಲ್ಲದೆ ಕಂಪ್ಯೂಟರಿನಲ್ಲಿ ಕಲಿತದ್ದಕ್ಕಿಂತ ಇದರಿಂದ ಹೆಚ್ಚು ಪ್ರಯೋಜನವಾಯಿತು. 2016ರಲ್ಲಿ ಪ್ರಕಟವಾದ ಕೋಪನ್‌ಹೇಗನ್ನಿನ ಅಧ್ಯಯನದಲ್ಲಿ ಒಂದನೇ ತರಗತಿಯ 165 ಮಕ್ಕಳಿದ್ದರು. ಆರು ವಾರ ಒಂದು ಗುಂಪು ಕುಪ್ಪಳಿಸುತ್ತಾ, ತೆವಳುತ್ತಾ, ಒಂಟಿಕಾಲಲ್ಲಿ ನಿಲ್ಲುತ್ತಾ ಲೆಕ್ಕ ಮಾಡಿತು. ಇನ್ನೊಂದು ಕೂತಲ್ಲೇ ಲೆಗೊ ಇಟ್ಟಿಗೆ ಜೋಡಿಸಿತು. ಮೂರನೆಯದಕ್ಕೆ ಎಂದಿನ ಪಾಠ. ಕುಪ್ಪಳಿಸಿದವರು ಲೆಗೊ ಗುಂಪಿಗಿಂತ ಮುಂದೆ ಹೋದರು. ಆದರೆ ಲೆಕ್ಕದಲ್ಲಿ ಮೊದಲೇ ಹಿಂದಿದ್ದ ಮಕ್ಕಳಿಗೆ ಆ ಲಾಭ ದಕ್ಕಲಿಲ್ಲ. ಒಂಟಿಕಾಲಲ್ಲಿ ಸಮತೋಲ ಕಾಯುತ್ತಾ ಕೂಡುವುದೆಂದರೆ ಅಂಥ ಮಗುವಿಗೆ ಒಂದರ ಬದಲು ಎರಡು ಕೆಲಸ ಎಂದು ನನ್ನ ಊಹೆ. ದಾಂಡಿನಿಂದ ನೆಲ ಅಳೆಯುವ ಹುಡುಗನಿಗೆ ಇರುವುದು ಒಂದೇ.